ಹೆಣ ಸುಟ್ಟವರು ಯಾರು?

ಅಕ್ಕಲಕೋಟ ಸೀಮೆಯ ನಮ್ಮ ಸಲಗರದಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಕಾಸರಗೋಡಿನ ಓದುಗರಿಗೆ ಈ ಸ್ಥಿತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಥ ಕಡೆ ಒಂದು ಕನ್ನಡ ಕಾದಂಬರಿ ಮನೆಗೆ ಬರುವ ಮೊದಲೇ ಅದರ ಬಗೆಗಿನ ಮಾತು ಬಂದಿರುತ್ತದೆ. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ನಮ್ಮಲ್ಲಿಗೆ ಬಂದದ್ದು ಅದುಮಿಟ್ಟ ಕಾಮದ ಕಥೆ ಎಂಬ ಹಣೆಪಟ್ಟಿಯೊಂದಿಗೆ. ಹಿರಿಯರು ಅದನ್ನು ಹೆಣ್ಣುಮಕ್ಕಳ ಕೈಗೆ ಸಿಗದಂತೆ ಟ್ರಂಕಿಗೆ ಸೇರಿಸಿದರು.

ಎಷ್ಟೋ ವರ್ಷಗಳ ಮೇಲೆ, ಓದು ಬಾರದ ನನ್ನ ಸೋದರತ್ತೆಗೆ ಅದನ್ನು ಓದಿ ಹೇಳುತ್ತಿದ್ದೆ. ನಡುನಡುವೆ ವಿಮರ್ಶಕರು ಕೊಟ್ಟ ಅರ್ಥವನ್ನೂ ಸೇರಿಸುತ್ತಿದ್ದೆ. ಆಕೆ ತಡೆದು ಕೇಳಿದಳು: “ತಮ್ಮಾ, ಆ ಆಚಾರಿ ಮನಸಿನ್ಯಾಗ ಏನ ಇತ್ತೋ ಇರ್ಲಿ. ಹೆಣಾ ಸುಟ್ಟಾಂವ ಯಾರು, ಅದನ್ನ ಹೇಳು.”

ಈ ಪ್ರಶ್ನೆಯನ್ನು ನಮ್ಮ ವಿಮರ್ಶೆ ಸಾಕಷ್ಟು ಕೇಳಿದೆಯೇ?

ಫ್ರಾಯ್ಡನ ದಾರಿಯಲ್ಲಿ ಹೋದವರು ಈ ಕೃತಿಯಲ್ಲಿ ಎರಡು ಮೂರು ಕಡೆ ಅಗೆಯುತ್ತಾರೆ. ಪ್ರಾಣೇಶಾಚಾರ್ಯರು ರೋಗಿಷ್ಠೆ ಭಾಗೀರಥಿಯೊಡನೆ ಸವೆಸಿದ ಬಾಳಿನಲ್ಲಿ ಸುಪ್ತ ಕಾಮವನ್ನು ಕಾಣುತ್ತಾರೆ. ಕಾಡಿನ ಕತ್ತಲೆಯಲ್ಲಿ ಚಂದ್ರಿಯ ಸ್ಪರ್ಶವಾದಾಗ ಆಚಾರ್ಯರು ತಾಯಿಯನ್ನು ಕರೆಯುವ ಕೂಗಿಗೆ ಶೈಶವದ ಬೇರು ಹುಡುಕುತ್ತಾರೆ. ನಾರಣಪ್ಪನನ್ನು ಆಚಾರ್ಯರದೇ ನೆರಳು ಎನ್ನುತ್ತಾರೆ. ಎ.ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದ 1976ರಲ್ಲಿ ಬಂತು. ಮರುವರ್ಷವೇ ವಿ.ಎಸ್. ನೈಪಾಲ್ ಭಾರತವನ್ನು ಕುರಿತ ತಮ್ಮ ಪುಸ್ತಕದಲ್ಲಿ, ಮನೋವಿಶ್ಲೇಷಕ ಸುಧೀರ್ ಕಕ್ಕರ್ ಅವರ ಮಾತುಗಳನ್ನು ಬಳಸಿಕೊಂಡು, ಈ ಒಂದು ಕಾದಂಬರಿಯ ಮೂಲಕ ಇಡೀ ಹಿಂದೂ ಮನಸ್ಸನ್ನೇ ವಿವರಿಸಲು ಹೊರಟರು.

ಈ ಓದು ಸುಳ್ಳೆಂದು ನಾನು ಹೇಳುವುದಿಲ್ಲ. ಇದಕ್ಕೆ ಕಾದಂಬರಿಯಲ್ಲಿ ಆಧಾರವಿದೆ. ನನ್ನ ತಕರಾರು ಬೇರೆ: ಇಲ್ಲಿ ಕಾಮ ಅಡಗಿರುವುದಾದರೂ ಎಲ್ಲಿ? ಹೆಂಡತಿ ಸತ್ತ ಮೇಲೆ ಊರು ಬಿಟ್ಟು ಹೊರಡುವ ಆಚಾರ್ಯರು, ಮಾಲೇರ ಪುಟ್ಟನ ಜೊತೆ ಮೇಳಿಗೆಯ ಜಾತ್ರೆಯಲ್ಲಿ ಅಲೆಯುತ್ತ, ಹೆಜ್ಜೆಹೆಜ್ಜೆಗೂ ತಮ್ಮನ್ನು ತಾವೇ ವಿಚಾರಣೆಗೆ ಒಡ್ಡಿಕೊಳ್ಳುತ್ತಾರೆ. ಶ್ರೀಪತಿ ಮತ್ತು ಬೆಳ್ಳಿಯ ಸಂಬಂಧವನ್ನು ಲೇಖಕರು ಓದುಗರಿಂದ ಮುಚ್ಚಿಟ್ಟಿಲ್ಲ. ಇಂಥ ಪುಣ್ಯವಂತನಿಂದ ತನಗೊಂದು ಮಗುವಾಗಲಿ ಎಂಬ ಚಂದ್ರಿಯ ಆಸೆಯನ್ನೂ ಮುಚ್ಚಿಟ್ಟಿಲ್ಲ. ಪಾತ್ರಗಳೇ ಒಪ್ಪಿಕೊಂಡದ್ದನ್ನು ನಾವು ಪತ್ತೆ ಹಚ್ಚಿದೆವೆಂದು ಬೀಗುವುದರಲ್ಲಿ ಏನು ಹೆಚ್ಚುಗಾರಿಕೆ?

ಹೀಗೆ ಅಗೆದ ಮಣ್ಣು ಬೇರೊಂದನ್ನು ಮುಚ್ಚುತ್ತದೆ. ದೂರ್ವಾಸಪುರದಲ್ಲಿ ಹೆಣ ಕೊಳೆಯುತ್ತಿದೆ. ಶವಸಂಸ್ಕಾರವಾಗದೆ ಬ್ರಾಹ್ಮಣರು ಉಣ್ಣುವಂತಿಲ್ಲ. ಖರ್ಚಿಗೆಂದು ಚಂದ್ರಿ ತನ್ನ ಚಿನ್ನವನ್ನು ತಂದಿಟ್ಟೊಡನೆ ಗರುಡಾಚಾರ್ಯ, ಲಕ್ಷ್ಮಣಾಚಾರ್ಯರ ಧರ್ಮಸಂಕಟಕ್ಕೆ ಬೇರೆಯೇ ಬಣ್ಣ ಬರುತ್ತದೆ. ಈ ಲೋಭಕ್ಕೆ ವಿಮರ್ಶೆಯಲ್ಲಿ ಸಿಗುವುದು ಒಂದೆರಡು ಸಾಲು. ಕೊನೆಗೆ ಹೆಣವನ್ನು ರಾತ್ರೋರಾತ್ರಿ ಗಾಡಿಯಲ್ಲಿ ಸಾಗಿಸಿ ಸುಟ್ಟವನು ಮೀನಿನ ವ್ಯಾಪಾರಿ ಅಹಮದ್ ಬ್ಯಾರಿ, ಸುಡಿಸಿದವಳು ಚಂದ್ರಿ. ಬ್ಯಾರಿಗಳು ಯಾರೆಂದು ನಿಮಗೆ ನಾನು ಹೇಳಬೇಕೇ? ನಾರಣಪ್ಪ ಹಿಂದೊಮ್ಮೆ ಮಾಡಿದ್ದ ಹಣದ ಉಪಕಾರವನ್ನು ಆತ ಮರೆತಿರಲಿಲ್ಲ. ಶಾಸ್ತ್ರಗ್ರಂಥಗಳಲ್ಲಿ ಸಿಗದ ಉತ್ತರ ಒಂದು ಋಣದಲ್ಲಿ ಸಿಕ್ಕಿತು. ಇದರ ಮುಂದೆ ಆಚಾರ್ಯರ ಒಳಮನಸ್ಸೊಂದೇ ಕಾದಂಬರಿಯ ತಿರುಳೆನ್ನುವುದು, ಹೆಣ ಹೊತ್ತವರನ್ನು ಇನ್ನೊಮ್ಮೆ ಅಗ್ರಹಾರದ ಹೊರಗೆ ನಿಲ್ಲಿಸಿದಂತೆ.

ಮಲಯಾಳದಲ್ಲಿಯೂ ಈ ಅಪಾಯ ಉಂಟು. ತಕಳಿಯವರ ‘ಚೆಮ್ಮೀನ್’ (1956) ಎಂದೊಡನೆ ಕರುತ್ತಮ್ಮ ಮತ್ತು ಪರೀಕುಟ್ಟಿಯ ಪ್ರೇಮ ನೆನಪಾಗುತ್ತದೆ. ಆದರೆ ಆಕೆಯ ತಂದೆ ಚೆಂಬನ್‌ಕುಂಞಿ ದೋಣಿ ಬಲೆಗಳಿಗಾಗಿ ಪರೀಕುಟ್ಟಿಯಿಂದಲೇ ಹಣ ಪಡೆದು ಮಾತಿಗೆ ತಪ್ಪುತ್ತಾನೆ. ಕರುತ್ತಮ್ಮನ ಎದೆಯಲ್ಲಿ ಪ್ರೇಮದಷ್ಟೇ ಭಾರವಾಗಿ ಆ ಸಾಲವೂ ಕೂತಿದೆ. ಸಾಲವನ್ನು ಬಿಟ್ಟು ಬರಿಯ ಬಯಕೆಯನ್ನು ಓದಿದರೆ ಆಕೆಯ ಸಂಕಟದ ಅರ್ಧಪಾಲು ಕಳೆದುಹೋಗುತ್ತದೆ.

ಆದ್ದರಿಂದ ಸುಪ್ತ ಕಾಮದ ಮಾತು ಬಂದಾಗ ಎರಡು ಪ್ರಶ್ನೆ ಕೇಳೋಣ. ಅದಕ್ಕೆ ಕೃತಿಯೊಳಗೆ ಗುರುತಿದೆಯೇ? ಆ ಗುರುತು ಹಿಡಿದು ಹೋದರೆ ಉಳಿದ ಪಾತ್ರಗಳು ಇನ್ನಷ್ಟು ಕಾಣುತ್ತವೆಯೋ, ಮರೆಯಾಗುತ್ತವೆಯೋ? ನಮ್ಮಂಥ ಗಡಿಯ ಮನೆಗಳಿಗೆ ಇದು ಬರಿಯ ಪಂಡಿತರ ಜಗಳವಲ್ಲ. ನಮ್ಮಲ್ಲಿಗೆ ಬರುವ ಕನ್ನಡ ಪುಸ್ತಕಗಳೇ ಕಡಿಮೆ. ಹಣೆಪಟ್ಟಿಯೊಂದು ಪುಸ್ತಕವನ್ನು ಟ್ರಂಕಿಗೆ ಹಾಕಿಸಿದರೆ, ಒಂದು ತಲೆಮಾರು ಅದನ್ನು ಓದದೆ ಹೋಗುತ್ತದೆ.

ಅತ್ತೆಗೆ ನಾನು ಬ್ಯಾರಿಯ ಹೆಸರು ಹೇಳಿದೆ. ಆಕೆ ತುಸು ಹೊತ್ತು ಸುಮ್ಮನಿದ್ದು, “ಹಂಗಾರ ಮುಂದ ಓದು” ಅಂದಳು. ಆ ಪ್ರತಿಯನ್ನು ನಾನು ಮತ್ತೆ ಟ್ರಂಕಿನಲ್ಲಿ ಇಡಲಿಲ್ಲ.