ನ್ಯಾಯಪೀಠಕ್ಕೆ ಪೌರತ್ವದ ಷರತ್ತು

ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಭಾರತದ ಪ್ರಜೆಯಾಗಿರಬೇಕೆಂದು ಸಂವಿಧಾನದ 124ನೆಯ ವಿಧಿ ಹೇಳುತ್ತದೆ. ಹೈಕೋರ್ಟಿಗೆ 217ನೆಯ ವಿಧಿ ಅದೇ ಷರತ್ತನ್ನು ಹಾಕುತ್ತದೆ. ಹುಟ್ಟಿದ ದೇಶ ಯಾವುದೆಂದು ಎರಡೂ ಕೇಳುವುದಿಲ್ಲ. ಅಮೆರಿಕದ ಸಂವಿಧಾನದಲ್ಲಿ ಅಧ್ಯಕ್ಷನಾಗಲು ಜನ್ಮತಃ ಪ್ರಜೆಯಾಗಿರಬೇಕು, ಸೆನೆಟ್ ಸದಸ್ಯತ್ವಕ್ಕೆ 9 ವರ್ಷಗಳ ಪೌರತ್ವ ಬೇಕು. ಫೆಡರಲ್ ನ್ಯಾಯಾಧೀಶರಿಗೆ ಮಾತ್ರ ಇಂಥ ಯಾವ ಷರತ್ತೂ ಇಲ್ಲ. ಅಲ್ಲಿ ಪೌರತ್ವವನ್ನು ಕಡ್ಡಾಯ ಮಾಡಬೇಕೆ, ಹುಟ್ಟನ್ನೂ ನೋಡಬೇಕೆ ಎಂಬ ಚರ್ಚೆಗೆ ಭಾರತದ ಅನುಭವ ಒಳ್ಳೆಯ ಒರೆಗಲ್ಲು.

1950ರಲ್ಲಿ ಇಲ್ಲಿನ ಕೆಲವು ಹೈಕೋರ್ಟುಗಳಲ್ಲಿ ಬ್ರಿಟಿಷ್ ನ್ಯಾಯಮೂರ್ತಿಗಳಿದ್ದರು. 376ನೆಯ ವಿಧಿ ಅವರನ್ನು ಮುಂದುವರಿಸಿತು. ಅವರು ಪ್ರಜೆಗಳಲ್ಲದಿದ್ದರೂ ಮುಖ್ಯ ನ್ಯಾಯಮೂರ್ತಿಗಳಾಗಬಹುದೆಂದು 1951ರ ಮೊದಲ ತಿದ್ದುಪಡಿ ಸ್ಪಷ್ಟಪಡಿಸಿತು. ಐಸಿಎಸ್ ಅಧಿಕಾರಿಯಾಗಿ ಬಂದ ವಿಲಿಯಂ ಬ್ರೂಮ್ 1958ರಲ್ಲಿ ಭಾರತದ ಪೌರತ್ವ ಪಡೆದು, ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿಯಾದರು.

ಪೌರತ್ವದ ಷರತ್ತಿಗೆ ಗಟ್ಟಿ ಸಮರ್ಥನೆಯಿದೆ. 226ನೆಯ ವಿಧಿಯಡಿ ಹೈಕೋರ್ಟು ಸರ್ಕಾರದ ಆದೇಶವನ್ನೇ ರದ್ದುಪಡಿಸಬಲ್ಲದು. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ನೆಲ ಕಳೆದುಕೊಂಡ ಸಾಗರ, ಹೊಸನಗರ ಸೀಮೆಯ ಕುಟುಂಬಗಳ ಭೂಹಕ್ಕು, ಅರಣ್ಯ ಕಾನೂನಿನ ಕಟ್ಟುಪಾಡು — ಇಂಥ ವ್ಯಾಜ್ಯಗಳಲ್ಲಿ ಜನರ ಬದುಕನ್ನು ತೀರ್ಮಾನಿಸುವವರು ಅದೇ ಸಂವಿಧಾನಕ್ಕೆ ತಾವೂ ಬದ್ಧರಾಗಿರಬೇಕೆಂಬುದು ನ್ಯಾಯವಾದ ನಿರೀಕ್ಷೆ.

ಷರತ್ತು ಕಠಿಣವೂ ಹೌದು. ವಿದೇಶದ ಪೌರತ್ವ ಪಡೆದ ಕನ್ನಡಿಗರು ಒಸಿಐ (ಸಾಗರೋತ್ತರ ಭಾರತೀಯ ಪ್ರಜೆ) ಕಾರ್ಡು ಹೊಂದಿದ್ದರೂ, ಪೌರತ್ವ ಕಾಯ್ದೆಯ 7ಬಿ ಸೆಕ್ಷನ್ ಪ್ರಕಾರ ಸುಪ್ರೀಂ ಕೋರ್ಟ್, ಹೈಕೋರ್ಟುಗಳ ನ್ಯಾಯಮೂರ್ತಿ ಹುದ್ದೆಗಳಿಗೆ ಅರ್ಹರಲ್ಲ. ಆದರೆ ಬಾಗಿಲು ಶಾಶ್ವತವಾಗಿ ಮುಚ್ಚಿಲ್ಲ: ಐದು ವರ್ಷ ಕಾರ್ಡು ಹೊಂದಿದ್ದು, ಒಂದು ವರ್ಷ ಇಲ್ಲಿ ನೆಲೆಸಿದವರು ಪೌರತ್ವಕ್ಕೆ ಅರ್ಜಿ ಹಾಕಬಹುದು. ಇಷ್ಟು ವರ್ಷದಿಂದ ಪ್ರಜೆಯಾಗಿರಬೇಕೆಂದು ಸಂವಿಧಾನ ಹೇಳದಿದ್ದರೂ, ಹೈಕೋರ್ಟಿಗೆ ಬೇಕಾದ ಹತ್ತು ವರ್ಷಗಳ ವಕೀಲಿಕೆ ಅಥವಾ ನ್ಯಾಯಾಂಗ ಸೇವೆ ಈ ನೆಲದ ಕಾನೂನಿನ ಪರಿಚಯವನ್ನು ಖಾತರಿಪಡಿಸುತ್ತದೆ.

ಹುಟ್ಟಿನ ಷರತ್ತಿಗೆ ಇಂಥ ಯಾವ ಸಮರ್ಥನೆಯೂ ಇಲ್ಲ. ಅದು ಜಾರಿಯಲ್ಲಿದ್ದರೆ ಬ್ರೂಮ್ ಪೌರತ್ವ ಪಡೆದರೂ ಪ್ರಯೋಜನವಿರುತ್ತಿರಲಿಲ್ಲ. ಚಂಡೀಗಢದಲ್ಲಿ ಹುಟ್ಟಿ 2020ರಲ್ಲಿ ವಾಷಿಂಗ್ಟನ್ನಿನ ಫೆಡರಲ್ ಮೇಲ್ಮನವಿ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರಾದ ಶ್ರೀ ಶ್ರೀನಿವಾಸನ್ ಆ ಪೀಠ ಏರುತ್ತಿರಲಿಲ್ಲ. ಪೌರತ್ವ ಒಬ್ಬ ವ್ಯಕ್ತಿ ಹೊರುವ ಹೊಣೆ, ಹುಟ್ಟು ಅವನ ಕೈಯಲ್ಲಿಲ್ಲದ ಸಂಗತಿ. ಮೊದಲನೆಯದನ್ನು ಕಡ್ಡಾಯ ಮಾಡಿ ಎರಡನೆಯದನ್ನು ಬಿಟ್ಟ ಭಾರತದ ಸಂವಿಧಾನದ ಆಯ್ಕೆಯೇ ಸರಿಯಾದದ್ದು.