ಬೆಳಕಿಂಡಿಯ ಕೆಳಗೆ

ರಾಯಚೂರು ಜಿಲ್ಲೆಯ ಮಾನ್ವಿ ಸೀಮೆಯ ಹಳ್ಳಿಯೊಂದರಲ್ಲಿ ನನ್ನ ಸೋದರತ್ತೆಯ ಮಾಳಿಗೆ ಮನೆಯಿದೆ. ಬೇಸಿಗೆಯ ಮಧ್ಯಾಹ್ನ ಅದರ ತಲೆಬಾಗಿಲು ದಾಟಿದರೆ ಮೊದಲು ಏನೂ ಕಾಣುವುದಿಲ್ಲ. ಹೊರಗಿನ ಬಿಸಿಲು ಇನ್ನೂ ಕಣ್ಣಲ್ಲೇ ಕುಳಿತಿರುತ್ತದೆ. ಕಣ್ಣಿಗಿಂತ ಮುಂಚೆ ಮೂಗು ಮನೆಯನ್ನು ಗುರುತಿಸುತ್ತದೆ: ಸಗಣಿ ಸಾರಿಸಿದ ನೆಲ, ಜೋಳದ ಸೊಪ್ಪೆ, ಎತ್ತಿನ ಮೈ. ಆಮೇಲೆ ಕತ್ತಲೊಳಗೆ ಒಂದು ಬೆಳಕಿನ ಕೋಲು ನಿಂತಿರುವುದು ಕಾಣುತ್ತದೆ. ಮಾಳಿಗೆಯ ಬೆಳಕಿಂಡಿಯಿಂದ ಇಳಿದ ಆ ಕೋಲಿನ ಬುಡ ಬೆಳಿಗ್ಗೆ ಎತ್ತು ಮೇಯುವ ಗ್ವಾದಲಿಯ ಹತ್ತಿರ ಇದ್ದದ್ದು ಈಗ ಬೀಸುಕಲ್ಲಿನ ಕಡೆ ಸರಿದಿರುತ್ತದೆ. ಅತ್ತೆ ಗಡಿಯಾರ ನೋಡಿದ್ದನ್ನು ನಾನು ಕಂಡಿಲ್ಲ. ಬೆಳಕು ಕಂಬದ ಬುಡ ಮುಟ್ಟಿದರೆ ರೊಟ್ಟಿ ಬಡಿಯುವ ಹೊತ್ತು.

ಈ ಮನೆಗಳನ್ನು ಚದರಡಿಯಲ್ಲಿ ಅಳೆಯುವುದಿಲ್ಲ, ಅಂಕಣದಲ್ಲಿ ಎಣಿಸುತ್ತಾರೆ. ಕಂಬದಿಂದ ಕಂಬಕ್ಕೆ ಒಂದು ಅಂಕಣ. ತೊಲೆ ಎಷ್ಟು ಉದ್ದ ಸಿಕ್ಕಿತೋ ಅಂಕಣ ಅಷ್ಟೇ ಅಗಲ. ಅಂದರೆ ಮನೆಯ ಅಳತೆಯನ್ನು ಹಾಕಿಕೊಟ್ಟದ್ದು ಯಾವುದೋ ಹೊಲದ ಬದುವಿನ ಬೇವಿನ ಮರ. ಕಂಬದ ತಲೆಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಸಾಲು ಜಂತಿ. ರಾಯಚೂರಿನಿಂದ ದೇವದುರ್ಗಕ್ಕೆ ಹೋಗುವಾಗ ಗಬ್ಬೂರಿನಲ್ಲಿ ಇಳಿದು ಅಲ್ಲಿನ ಹಳೆಯ ಗುಡಿಗಳನ್ನು ನೋಡಿ. ಕಲ್ಲಿನ ಕಂಬ ಅಲ್ಲಿಯೂ ಹೀಗೇ ಬೋದಿಗೆ ಚಾಚಿ ಭಾರ ಹೊತ್ತಿದೆ. ಗುಡಿಯನ್ನು ನೋಡಿ ಬಡಿಗ ಕಲಿತನೋ, ಮನೆಯನ್ನು ನೋಡಿ ಶಿಲ್ಪಿ ಕಲಿತನೋ ಎಂದು ಯೋಚಿಸುವುದು ನನಗೆ ಇಷ್ಟ. ಮರ ಮೊದಲು ಎಂದೇ ನನ್ನ ಮನಸ್ಸು ಹೇಳುತ್ತದೆ.

ಒಳಗೆ ಕಾಲಿಟ್ಟ ಕೂಡಲೇ ಇರುವುದು ದನ ಕಟ್ಟುವ ದಂದಕ್ಕಿ. ಅದರಿಂದ ಒಂದೆರಡು ಮೆಟ್ಟಿಲಿನ ಎತ್ತರದಲ್ಲಿ ಮನುಷ್ಯರ ಪಡಸಾಲೆ. ನಡುವೆ ಗೋಡೆಯಿಲ್ಲ. ರಾತ್ರಿ ಎತ್ತು ಮೆಲುಕು ಹಾಕುವ ಸದ್ದು, ಕೊರಳ ಗಂಟೆಯ ಸಣ್ಣ ಅಲುಗಾಟ ಮಲಗಿದವರಿಗೆ ಕೇಳುತ್ತಲೇ ಇರುತ್ತದೆ. ದುಡಿಯುವ ಜೀವಗಳೆಲ್ಲ ಒಂದೇ ಸೂರಿನಡಿ ಇರಬೇಕೆಂಬ ಲೆಕ್ಕವನ್ನು ಇಷ್ಟು ಸರಳವಾಗಿ ಒಂದು ಮೆಟ್ಟಿಲಿನಲ್ಲಿ ಹೇಳಿದ ಕಟ್ಟಡ ನನಗೆ ಬೇರೆ ಗೊತ್ತಿಲ್ಲ.

ಗೋಡೆ ಯಾವುದರದ್ದು ಎಂಬುದನ್ನು ಹೇಳುವುದು ಕಾಲ ಕೆಳಗಿನ ನೆಲ. ಇಂಗ್ಲೆಂಡಿನ ಪೂರ್ವದ ಸೀಮೆಗಳಲ್ಲಿ, ನಾರ್ಫೋಕ್, ಸಫೋಕ್ ಕಡೆ, ರೈತರ ಹಳೆಯ ಮನೆಗಳು ಹೆಚ್ಚಾಗಿ ಮರದ ಚೌಕಟ್ಟಿಗೆ ಜೇಡಿಮಣ್ಣು ಮೆತ್ತಿದವು. ಕಟ್ಟಲು ಒಳ್ಳೆಯ ಕಲ್ಲಿಲ್ಲದ ನೆಲ, ಜೇಡಿಮಣ್ಣು ಮಾತ್ರ ಧಾರಾಳ. ಮನೆಯ ನಡುಮಧ್ಯೆ ದಪ್ಪ ಹೊಗೆಗೂಡು ನಿಲ್ಲಿಸಿ, ಅದರ ಸುತ್ತ ಕೋಣೆಗಳನ್ನು ಕಟ್ಟಿ ಚಳಿ ಕಾಯಿಸಿಕೊಂಡರು. ನಮ್ಮದು ಇದಕ್ಕೆ ತಿರುವುಮುರುವು. ನಮ್ಮ ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ. ಅದರಲ್ಲಿ ಇಟ್ಟಿಗೆ ಕೊಯ್ದರೆ ನಿಲ್ಲದು. ಕಲ್ಲಿಗೆ ಮಾತ್ರ ಬರವಿಲ್ಲ. ರಾಯಚೂರು ಕೋಟೆಯ ಒಳಗೋಡೆಯಲ್ಲಿ ಗಾರೆಯಿಲ್ಲದೆ ಕೂಡಿಸಿದ ಭಾರಿ ಕಲ್ಲುಗಳಿವೆ. ಅವುಗಳ ನಡುವೆ 41 ಅಡಿಗೂ ಹೆಚ್ಚು ಉದ್ದದ ಒಂದೇ ಕಲ್ಲು, ಅದರ ಮೇಲೆ 1294ರ ಶಾಸನ. ಆ ಕಲ್ಲನ್ನು ಬಂಡಿಯ ಮೇಲೆ ಸಾಗಿಸಿದ ಚಿತ್ರವನ್ನೂ ಗೋಡೆಯಲ್ಲಿ ಕೆತ್ತಿದ್ದಾರೆ. ಅದೇ ಕೈಗಳ ವಂಶದವರೇ ಹಳ್ಳಿಯ ಗೋಡೆಗಳನ್ನೂ ಕಟ್ಟಿರಬೇಕು ಅನಿಸುತ್ತದೆ: ಹೊರಗೊಂದು ಕಲ್ಲಿನ ವರಸೆ, ಒಳಗೊಂದು ವರಸೆ, ನಡುವೆ ಕೆಸರು ಮತ್ತು ಚಕ್ಕೆಕಲ್ಲು. ಕೈ ಚಾಚಿ ಮಲಗುವಷ್ಟು ದಪ್ಪ. ಹಗಲಿನ ಕಾವು ಈ ಗೋಡೆಯನ್ನು ದಾಟಿ ಒಳಗೆ ಬರುವಷ್ಟರಲ್ಲಿ ರಾತ್ರಿಯಾಗಿರುತ್ತದೆ. ಅಷ್ಟೊತ್ತಿಗೆ ಮನೆಮಂದಿಯೆಲ್ಲ ಹಾಸಿಗೆ ಸುತ್ತಿಕೊಂಡು ಮಾಳಿಗೆ ಹತ್ತಿರುತ್ತಾರೆ.

ಆ ಮಾಳಿಗೆಯೇ ಈ ಮನೆಯ ದೊಡ್ಡ ಜಾಣತನ. ಜಂತಿಯ ಮೇಲೆ ಕಟ್ಟಿಗೆಯ ಹಾಸು, ಅದರ ಮೇಲೆ ತೊಗರಿಕಟ್ಟಿಗೆಯೋ ಸೊಪ್ಪೋ, ಮೇಲೆ ಹದವಾಗಿ ತುಳಿದ ಮಣ್ಣು, ಕೊನೆಗೆ ಸವುಳು. ಹೊಲದಲ್ಲಿ ಸವುಳು ಅಂದರೆ ರೈತನಿಗೆ ಶಾಪ, ಅಲ್ಲಿ ಬೀಜ ಹುಟ್ಟುವುದಿಲ್ಲ. ಆದರೆ ಸೋಡಿಯಂ ಹೆಚ್ಚಿರುವ ಆ ಮಣ್ಣು ತೊಯ್ದ ಕೂಡಲೇ ಕಣಕಣವಾಗಿ ಬಿಡಿಸಿಕೊಂಡು ತನ್ನ ರಂಧ್ರಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ, ನೀರು ಕೆಳಗಿಳಿಯದು. ಬೆಳೆಗೆ ಬೇಡವಾದ ಮಣ್ಣನ್ನು ತಲೆಯ ಮೇಲೆ ಹೊತ್ತು ತಂದು ಅದರಿಂದಲೇ ಮಳೆಯನ್ನು ತಡೆದವರು ಇಂಥ ರಸಾಯನವನ್ನು ಯಾವ ಪುಸ್ತಕದಲ್ಲೂ ಓದಿದವರಲ್ಲ. ಪ್ರತಿ ವರ್ಷ ಮಳೆಗಾಲದ ಮುಂಚೆ ಹೊಸ ಸವುಳು ಹರಡಿ, ಮಾಳಿಗೆಯಂಚಿನ ಕುಂಬಿಯನ್ನು ಮೆತ್ತಿ, ಮಳೆನೀರು ಇಳಿಯುವ ಹರನಾಳಿಗೆಯ ಬಾಯಿ ಬಿಡಿಸುತ್ತಾರೆ.

ಈ ಚಂದಕ್ಕೆ ಒಂದು ಬೆಲೆಯಿದೆ, ಅದನ್ನು ಮುಚ್ಚಿಡಲಾರೆ. ವರ್ಷವರ್ಷವೂ ಮಣ್ಣು ಬಿದ್ದು ಮಾಳಿಗೆ ಭಾರವಾಗುತ್ತಾ ಹೋಗುತ್ತದೆ, ಜಂತಿ ಬಾಗುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನೆರೆಯ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ನೆಲ ನಡುಗಿದಾಗ ಸಾವಿರಾರು ಜನ ಸತ್ತದ್ದು ಇಂಥದೇ ಕಲ್ಲುಮಣ್ಣಿನ ಮನೆಗಳ ಕೆಳಗೆ. 2009ರ ಮಹಾಮಳೆಯಲ್ಲಿ ನಮ್ಮ ಜಿಲ್ಲೆಯ ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದವು. ಅದಾದ ಮೇಲೆ ಸರ್ಕಾರದ ಆಸರೆ ಯೋಜನೆಯ ಕಾಂಕ್ರೀಟ್ ಮನೆಗಳು ಎದ್ದವು. ಅವುಗಳಲ್ಲಿ ಇರುವವರಿಗೆ ಯಾರೂ ಹಳೆಯದಕ್ಕೆ ಮರಳಿ ಎನ್ನಬಾರದು. ಎತ್ತಿನ ಜಾಗದಲ್ಲಿ ಟ್ರ್ಯಾಕ್ಟರ್ ನಿಂತ ಮನೆಗಳಲ್ಲಿ ದಂದಕ್ಕಿಗೂ ಕೆಲಸವಿಲ್ಲ. ಜೋಳ ತುಂಬುತ್ತಿದ್ದ ಹಗೇವು, ಇಳಿಯುವ ಮುನ್ನ ದೀಪ ಬಿಟ್ಟು ಗಾಳಿ ಪರೀಕ್ಷಿಸುತ್ತಿದ್ದ ಆ ನೆಲದ ಹೊಟ್ಟೆ, ತುಂಗಭದ್ರಾ ಕಾಲುವೆಯ ನೀರು ಬಂದು ಭತ್ತ ಬೆಳೆಯತೊಡಗಿದ ಊರುಗಳಲ್ಲಿ ಎಂದೋ ಮುಚ್ಚಿಹೋಗಿದೆ.

ಅತ್ತೆಯ ಮನೆ ಇನ್ನೂ ನಿಂತಿದೆ. ಹೋದ ಸಲ ಹೋದಾಗ ಸಂಜೆಯ ಹೊತ್ತಿಗೆ ಪಶ್ಚಿಮದಲ್ಲಿ ಮೋಡ ಕಪ್ಪಾಗಿ, ಬೆಳಕಿನ ಕೋಲು ಮಾಸುತ್ತಾ ಬಂತು. ಮೊದಲ ಹನಿಗಳು ಮಾಳಿಗೆಯ ಮೇಲೆ ಬಿದ್ದವು. ಸದ್ದು ಕೇಳಲಿಲ್ಲ, ವಾಸನೆ ಬಂತು. ಅತ್ತೆ ಮೊರದಲ್ಲಿ ಜೋಳ ಹಸನು ಮಾಡುತ್ತಾ ತಲೆ ಎತ್ತದೆ ಕೂಗಿದಳು: "ತಮ್ಮಾ, ಮಾಳಿಗಿ ಮ್ಯಾಲ ಹೋಗಿ ಬೆಳಕಿಂಡಿ ಮುಚ್ಚಪಾ."

ನಿಚ್ಚಣಿಕೆ ಹತ್ತಿ, ಪಕ್ಕದಲ್ಲಿದ್ದ ಚಪ್ಪಟೆ ಕಲ್ಲನ್ನು ಕಿಂಡಿಯ ಮೇಲೆ ಎಳೆದೆ. ಮುಚ್ಚುವ ಮುನ್ನ ಒಮ್ಮೆ ಒಳಗೆ ಬಗ್ಗಿ ನೋಡಿದೆ. ಕೆಳಗೆ ಅವಳ ಬಿಳಿಯ ಜುಟ್ಟು, ಮೊರದ ತುಂಬ ಜೋಳ.