ಐದು ಪೈಸೆಯ ಕೆಂಪು ಚೀಟಿ

ನಮ್ಮ ಮನೆಯ ಟ್ರಂಕಿನಲ್ಲಿ ಒಂದು ಇನ್‌ಲ್ಯಾಂಡ್ ಪತ್ರವಿದೆ. 1972ರ ದೀಪಾವಳಿ ಕಳೆದ ಮೇಲೆ ನಮ್ಮಜ್ಜಿ ತಿಕೋಟಾದಿಂದ ಸೊಲ್ಲಾಪುರದ ಗಿರಣಿಯಲ್ಲಿದ್ದ ತಮ್ಮನಿಗೆ ಬರೆಸಿದ್ದು. ಆತ ಗಿರಣಿ ಬಿಟ್ಟು ಊರಿಗೆ ಬಂದಾಗ ಗಂಟಿನೊಳಗೆ ಇದೂ ಬಂತು. 15 ಪೈಸೆಯ ಅಚ್ಚು ಹಾಳೆಯ ಮೇಲೇ ಇದೆ. ಅದರ ಮಗ್ಗುಲಿಗೆ 5 ಪೈಸೆಯ ಕೆಂಪು ಚೀಟಿ. ಕುಟುಂಬ ಯೋಜನೆಯ ತ್ರಿಕೋನವಿರುವ ಆ ಚೀಟಿಯ ಮೇಲೆ ಕಪ್ಪಕ್ಷರಗಳಲ್ಲಿ ನಿರಾಶ್ರಿತರ ನೆರವು ಎಂಬರ್ಥದ ಮಾತನ್ನು ಹಿಂದಿ, ಇಂಗ್ಲಿಷಿನಲ್ಲಿ ಒತ್ತಿದ್ದಾರೆ. ಅಂಚೆಮೊಹರಿನ ಅರ್ಧ ಚೀಟಿಯ ಮೇಲಿದೆ, ಇನ್ನರ್ಧ ಕಾಗದದ ಮೇಲೆ. ಕಾಗದ ಚುಚ್ಚಿಡುವ ತಂತಿ ಚೀಟಿಯ ನಡುವೆಯೇ ತೂರಿಹೋಗಿ ತೂತು ಬಿದ್ದಿದೆ.

ವಿಜಯಪುರದಲ್ಲಿ ಚೀಟಿ ಕೂಡಿಸುವ ಹಿರಿಯರೊಬ್ಬರಿಗೆ ಇದನ್ನು ತೋರಿಸಿದೆ. ತೂತು ಬಿದ್ದದ್ದಕ್ಕೆ ಬೆಲೆಯಿಲ್ಲ, ಬೇಕಿದ್ದರೆ ನೀರಿನಲ್ಲಿ ನೆನೆಸಿ ಬಿಡಿಸಿಕೊಳ್ಳಿ ಎಂದರು. ಅವರು ಪ್ರೀತಿಯಿಂದಲೇ ಹೇಳಿದ ಮಾತು. ಆದರೆ ನೊಂದವರ ನೆರವಿಗೆ ಹಣ ಕೂಡಿಸುವ ದಾನದ ಚೀಟಿಗಳನ್ನು ನಾವು ಅಭ್ಯಾಸ ಮಾಡುವ ಕ್ರಮದ ದೋಷವೆಲ್ಲ ಆ ಒಂದು ಮಾತಿನಲ್ಲಿದೆ ಎಂದು ನನಗೆ ಬರಬರುತ್ತ ಅನಿಸಿತು.

ಈ ಅಭ್ಯಾಸ ತುಂಬ ಬೆಳೆದಿರುವುದು ಯುದ್ಧಕಾಲದ ಜರ್ಮನ್ ಚೀಟಿಗಳ ವಿಷಯದಲ್ಲಿ. ಮೊದಲ ಮಹಾಯುದ್ಧದಲ್ಲಿ ಶತ್ರುಗಳ ಸೆರೆಸಿಕ್ಕವರ ನೆರವಿಗೆಂದು ಅಲ್ಲಿ ಬಗೆಬಗೆಯ ಚೀಟಿಗಳು ಮಾರಾಟವಾದವು. ಸೆರೆಯಾದವರಲ್ಲಿ ನೌಕಾಪಡೆಯವರೂ ಬಹಳ. 1914ರ ಸೆಪ್ಟೆಂಬರ್ 22ರ ರಾತ್ರಿ ಮದ್ರಾಸಿನ ಮೇಲೆ ಗುಂಡು ಹಾರಿಸಿದ ಎಮ್ಡೆನ್ ಹಡಗಿನ ನಾವಿಕರು ನವೆಂಬರಿನಲ್ಲಿ ಸೋತು ಮಾಲ್ಟಾ ದ್ವೀಪದ ಸೆರೆ ಸೇರಿದರು. ಅದೇ ತಿಂಗಳು ಜರ್ಮನ್ ನೌಕಾಪಡೆಯ ಆಡಳಿತದಲ್ಲಿದ್ದ ಚೀನದ ಚಿಂಗ್ಟಾವ್ ಬಂದರು ಬಿದ್ದು, 4,500ಕ್ಕೂ ಹೆಚ್ಚು ಮಂದಿ ಜಪಾನಿನ ಶಿಬಿರಗಳಿಗೆ ಹೋದರು. ಸೆರೆಯ ಸುದ್ದಿ ನಮ್ಮ ಸೀಮೆಗೂ ದೂರದ್ದೇನಲ್ಲ. ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ವಿಜಾಪುರಗಳಲ್ಲಿ ಠಾಣೆ ಮಾಡಿದ್ದ ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿಗಳನ್ನು ಬ್ರಿಟಿಷರು ಅಹಮದನಗರದ ಶಿಬಿರದಲ್ಲಿ ಕೂಡಿಹಾಕಿದ್ದರು.

ಸೆರೆಯಾಳುಗಳ ನೆರವಿನ ಆ ಜರ್ಮನ್ ಚೀಟಿಗಳ ಕಾಗದ, ಗೋಂದು, ಅಂಚಿನ ರಂಧ್ರಗಳ ಲೆಕ್ಕ, ಬಣ್ಣದ ಛಾಯೆ ಎಲ್ಲವನ್ನೂ ಸಂಗ್ರಾಹಕರು ಭೂತಗನ್ನಡಿ ಹಿಡಿದು ದಾಖಲಿಸಿದ್ದಾರೆ. ಆ ಶ್ರಮಕ್ಕೆ ಕೈಮುಗಿಯಬೇಕು. ನಕಲಿಯನ್ನು ಅಸಲಿಯಿಂದ ಬೇರ್ಪಡಿಸುವ ದಾರಿ ಬೇರೆ ಇಲ್ಲ. ಆದರೆ ಕೆಲಸ ಬಹುಪಾಲು ಅಲ್ಲಿಗೇ ನಿಲ್ಲುತ್ತದೆ. ಚೀಟಿ ಕೊಂಡವರು ಯಾರು? ಹಣ ಯಾವ ದಾರಿಯಲ್ಲಿ ಹೋಯಿತು? ಸೆರೆಯಲ್ಲಿದ್ದವನಿಗೆ ರೊಟ್ಟಿಯಾಗಿ, ಅಂಗಿಯಾಗಿ ಮುಟ್ಟಿತೇ? ಈ ಪ್ರಶ್ನೆಗಳನ್ನು ಕೇಳದೆ ದಾನದ ಚೀಟಿಯ ಅಭ್ಯಾಸ ಪೂರ್ಣವಾಗುವುದಿಲ್ಲ.

ಯಾಕೆಂದರೆ ಇಂಥ ಚೀಟಿಗೂ ಮಾಮೂಲಿ ಸ್ಟ್ಯಾಂಪಿಗೂ ಮೂಲದಲ್ಲೇ ವ್ಯತ್ಯಾಸವಿದೆ. 1907ರ ಹೇಗ್ ಒಪ್ಪಂದದಂತೆ ಯುದ್ಧಸೆರೆಯಾಳುಗಳ ಪತ್ರ, ಮನಿಆರ್ಡರು, ಪಾರ್ಸೆಲ್ಲುಗಳಿಗೆ ಅಂಚೆ ಶುಲ್ಕವೇ ಇರಲಿಲ್ಲ. ಸೆರೆಯಲ್ಲಿರುವ ಮಗನಿಗೆ ತಾಯಿ ಬರೆದ ಪತ್ರ ಚೀಟಿಯಿಲ್ಲದೆಯೂ ಮುಟ್ಟುತ್ತಿತ್ತು. ಸಂಘಸಂಸ್ಥೆಗಳು ಮಾರಿದ ನೆರವಿನ ಚೀಟಿಯಿಂದ ಪತ್ರ ಒಂದು ಮೈಲಿಯೂ ಮುಂದೆ ಹೋಗುತ್ತಿರಲಿಲ್ಲ. ಕೊಟ್ಟ ಕಾಸು ಮುಟ್ಟುವ ಜಾಗ ಮುಟ್ಟುತ್ತದೆ ಎಂಬ ನಂಬಿಕೆಯೇ ಅದರ ಬೆಲೆ. ಆ ನಂಬಿಕೆಯ ಜಾಡು ಹಿಡಿಯದೆ ಬರೇ ರಂಧ್ರ ಎಣಿಸಿದರೆ, ಜೋಳದ ಚೀಲ ಅಳೆದು ಒಳಗಿನ ಕಾಳು ನೋಡದೆ ಬಿಟ್ಟಂತೆ.

ಚಿಂಗ್ಟಾವಿನಲ್ಲಿ ಸೆರೆಯಾದವರನ್ನು ಇಟ್ಟಿದ್ದ ಜಪಾನಿನ ಬಂಡೋ ಶಿಬಿರದಲ್ಲಿ ಸುಮಾರು 1,000 ಸೆರೆಯಾಳುಗಳಿದ್ದರು. ಅವರು ಶಿಬಿರದೊಳಗೇ ತಮ್ಮ ಅಂಚೆ ನಡೆಸಿ 2 ಮತ್ತು 5 ಸೆನ್ ಬೆಲೆಯ ಚೀಟಿ ಅಚ್ಚು ಹಾಕಿಕೊಂಡರು. ಕೈಕಟ್ಟಿದ ಮನುಷ್ಯರು ತಮ್ಮತಮ್ಮಲ್ಲೇ ಒಂದು ಊರು ಕಟ್ಟಿಕೊಂಡದ್ದಕ್ಕೆ ಅವು ಸಾಕ್ಷಿ. ಇದಕ್ಕೆ ಎದುರಾದದ್ದೂ ಇದೆ. 1943ರಲ್ಲಿ ನಾಜಿ ಸರಕಾರ ವೀರಸ್ಮರಣೆಯ ದಿನಕ್ಕೆಂದು 12 ಚೀಟಿಗಳ ಮಾಲೆ ತಂದಿತು. ಅದರಲ್ಲಿ ಜಲಾಂತರ್ಗಾಮಿಯ ಚಿತ್ರವಿದ್ದ ಚೀಟಿಯ ಮೇಲೆ 3+2 ಎಂದಿದೆ. ಮೂರು ಫೆನಿಂಗ್ ಅಂಚೆಗೆ, ಎರಡು ದಾನಕ್ಕೆ. ಹೊರಗಿನ ರೂಪದಲ್ಲಿ ಇದೂ ದಾನದ ಚೀಟಿಯೇ. ಆದರೆ ಅದರ ಚಿತ್ರದಲ್ಲಿ ನೊಂದವರ ಮುಖವಿಲ್ಲ, ಆಯುಧವಿದೆ. ಕ್ಯಾಟಲಾಗಿನಲ್ಲಿ ಬಂಡೋ ಚೀಟಿಗೂ ಇದಕ್ಕೂ ಒಂದೊಂದು ನಂಬರು, ಒಂದೊಂದು ರೇಟು. ಒಂದು ಸೆರೆಯಲ್ಲೂ ಊರು ಕಟ್ಟಿತು, ಇನ್ನೊಂದು ಯುದ್ಧವನ್ನು ಹೊಗಳಿತು ಎಂದು ಬೇರ್ಪಡಿಸಿ ಹೇಳುವ ಧೈರ್ಯ ವಿಮರ್ಶೆಗೆ ಬೇಕು.

ಇದೇ ಒರೆಗಲ್ಲಿಗೆ ನಮ್ಮ ಕೆಂಪು ಚೀಟಿಯನ್ನೂ ಉಜ್ಜಬೇಕು. ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ನಿರಾಶ್ರಿತರು ಭಾರತಕ್ಕೆ ಬಂದಾಗ ಸರಕಾರ 1971ರ ನವೆಂಬರ್ 15ರಿಂದ ಅಂಚೆಯ ಮೇಲೆ 5 ಪೈಸೆ ಹೆಚ್ಚಿನ ಶುಲ್ಕ ಹೇರಿತು. ಇದ್ದ ಚೀಟಿಗಳ ಮೇಲೆ ಅವಸರದಲ್ಲಿ ಅಕ್ಷರ ಒತ್ತಿಸಿದರು. ಬೆಂಗಳೂರು, ಜೈಪುರ, ಗೋವೆಯಂಥ ಕಡೆ ಸ್ಥಳದಲ್ಲೇ ಕೈಯಿಂದ ಠಸ್ಸೆ ಒತ್ತಿದ್ದೂ ಉಂಟು. ನಿರಾಶ್ರಿತರ ಚಿತ್ರವಿದ್ದ ಹೊಸ ಚೀಟಿ ಡಿಸೆಂಬರ್ 1ಕ್ಕೆ ಬಂತು. ಸಂಗ್ರಾಹಕರು ಬೆನ್ನು ಹತ್ತುವುದು ಆ ಕೈಠಸ್ಸೆಯ ಚೀಟಿಗಳನ್ನೇ. ನಕಲಿ ಠಸ್ಸೆ ಒತ್ತುವುದೂ ಸುಲಭವಾದ್ದರಿಂದ ಅವರ ವಾದವೆಲ್ಲ ಅಲ್ಲೇ ಸುತ್ತುತ್ತದೆ.

ನನ್ನ ದೃಷ್ಟಿಯಲ್ಲಿ ಈ ಶುಲ್ಕದ ದೊಡ್ಡ ಗುಣ, ಪೋಸ್ಟ್‌ಕಾರ್ಡಿಗೆ ಕೊಟ್ಟ ವಿನಾಯಿತಿ. ಬಡವರ ಕಾಗದವೆಂದರೆ ಪೋಸ್ಟ್‌ಕಾರ್ಡು, ಅದನ್ನು ಮುಟ್ಟಲಿಲ್ಲ. ಊರಿಂದ ಊರಿಗೆ ಹೋಗುವ ಪ್ರತಿ ಲಕೋಟೆಯೂ ಗಡಿಯಾಚೆಯ ಸಂಕಟದ ಸುದ್ದಿ ಹೊತ್ತು ಹೋಯಿತು, ಅದು ಎರಡನೆಯ ಗುಣ. ದೋಷವೂ ಇದೆ. 1972ರ ಮಾರ್ಚಿನ ಹೊತ್ತಿಗೆ ನಿರಾಶ್ರಿತರಲ್ಲಿ ಹೆಚ್ಚಿನವರು ಬಾಂಗ್ಲಾದೇಶಕ್ಕೆ ಮರಳಿದ್ದರು. ಶುಲ್ಕ ಮಾತ್ರ 1973ರ ಮಾರ್ಚ್ 31ರ ತನಕ ನಡೆಯಿತು. ಆ ಒಂದು ವರ್ಷ ವಿಜಾಪುರ ಸೀಮೆಗೆ ಘೋರ ಬರ. ಜನ ಗುಳೆ ಹೋದರು, ಉಳಿದವರು ಬರಗಾಲದ ಕಾಮಗಾರಿಗೆ ಕಲ್ಲು ಒಡೆಯಲು ನಿಂತರು. ಬರಕ್ಕೆಂದು ಅಂಥ ಚೀಟಿ ಬರಲಿಲ್ಲ. ತಿಕೋಟಾದಂಥ ಊರಿನ ಜನ ತಮ್ಮ ಬಾವಿ ಬತ್ತಿದ ವರ್ಷವೂ ಬೇರೆಯವರ ಹೆಸರಿನ 5 ಪೈಸೆ ಕಟ್ಟಿದರು.

ಅಜ್ಜಿಯ ಪತ್ರ ಓದಿದಾಗಲೇ ಇದು ನನಗೆ ತಿಳಿದದ್ದು. "ಬಾವಿ ತಳಾ ಕಂಡೈತಿ. ಸೋಮವಾರದಿಂದ ರಸ್ತೆ ಕೆಲಸಕ್ಕ ಹೋಗತೀನಿ. ಬೋರಮಾಳ ಒತ್ತಿ ಇಟ್ಟೀನಿ, ಮನ್ಯಾಗ ಯಾರ ಮುಂದೂ ಹೇಳಬ್ಯಾಡ." ಪೋಸ್ಟ್‌ಕಾರ್ಡು ಬಿಟ್ಟು ಇನ್‌ಲ್ಯಾಂಡ್ ಯಾಕೆ ಎಂಬುದಕ್ಕೆ ಉತ್ತರ ಈ ಕೊನೆಯ ಮಾತಿನಲ್ಲಿದೆ. ಕಾರ್ಡನ್ನು ದಾರಿಯುದ್ದಕ್ಕೂ ಯಾರೂ ಓದಬಹುದು. ಬಂಗಾರ ಒತ್ತಿಯಿಟ್ಟ ಗುಟ್ಟು ಕಾಯಲು ಆಕೆ ಮಡಚಿ ಅಂಟಿಸುವ ಕಾಗದ ತಗೊಂಡಳು, ಅದಕ್ಕೆ 5 ಪೈಸೆ ಹೆಚ್ಚು ತೆತ್ತಳು. ಚೀಟಿಯ ವಿಷಯ ಪತ್ರದಲ್ಲಿ ಒಂದಕ್ಷರವೂ ಇಲ್ಲ. ಆಕೆ ಮನಸಾರೆ ದಾನ ಮಾಡಿದಳೆಂದು ಹೇಳಿದರೆ ಸುಳ್ಳಾದೀತು. ಆದರೆ ತನ್ನ ಕಷ್ಟದ ಕಾಲದಲ್ಲಿ ಇನ್ನೊಬ್ಬರ ಕಷ್ಟದ ಬಾಬತ್ತು ಆಕೆಯ ಕೈಯಿಂದ ಹಣ ಹೋಯಿತು. ಚೀಟಿಯನ್ನು ನೆನೆಸಿ ಬಿಡಿಸಿದ್ದರೆ ತಾರೀಖೂ ಹೋಗುತ್ತಿತ್ತು, ಊರೂ ಹೋಗುತ್ತಿತ್ತು, ಬೋರಮಾಳವೂ ಹೋಗುತ್ತಿತ್ತು.

ಬಬಲೇಶ್ವರದ ನಮ್ಮ ಬೀಗರ ಮನೆಯಲ್ಲಿ ತಂತಿ ತುಂಬ ಹಳೆಯ ಕಾಗದಗಳು ಸಿಕ್ಕವು. ಚೀಟಿಗಳಿದ್ದ ಕಡೆಯೆಲ್ಲ ಚೌಕ ಚೌಕ ತೂತು. ಎಂದೋ ಮನೆಯ ಹುಡುಗರು ಆಲ್ಬಮ್ಮಿಗೆಂದು ಕತ್ತರಿಸಿಕೊಂಡಿದ್ದರು. ಆ ಆಲ್ಬಮ್ಮೂ ಈಗಿಲ್ಲ. 1949ರ 6 ಆಣೆಯ ಗೋಳಗುಮ್ಮಟದ ಚೀಟಿಯನ್ನು ನಾವು ಹೆಮ್ಮೆಯಿಂದ ತೋರಿಸುತ್ತೇವೆ, ತೋರಿಸಬೇಕು. ಆದರೆ ನಮ್ಮ ಮನೆಗಳಲ್ಲಿ ಓಡಾಡಿದ 5 ಪೈಸೆಯ ಚೀಟಿಗೆ ಆ ಮರ್ಯಾದೆ ಸಿಕ್ಕಿಲ್ಲ. ಪ್ರತಿ ಡಿಸೆಂಬರ್ 7ರಂದು ಸೈನಿಕರ ನೆರವಿಗೆಂದು ಅಂಗಿಗೆ ಚುಚ್ಚಿಕೊಳ್ಳುವ ಪುಟ್ಟ ಧ್ವಜಕ್ಕೂ ಅದೇ ಗತಿ. 1963ರಿಂದ ಸೈನಿಕ ಶಾಲೆಯಿರುವ ಊರು ನಮ್ಮ ವಿಜಯಪುರ. ಇಲ್ಲಾದರೂ ಅಂಥ ಧ್ವಜಗಳನ್ನು, ಕೊಟ್ಟವರ ನೆನಪುಗಳನ್ನು ಯಾರಾದರೂ ಕೂಡಿಸಿಡಬೇಕು.

ಮನೆಯಲ್ಲಿ ಹಳೆಯ ತಂತಿ ಇದ್ದರೆ ಕಾಗದಗಳನ್ನು ಇಡಿಯಾಗಿಯೇ ಇಳಿಸಿ. ನೀರು ಮುಟ್ಟಿಸಬೇಡಿ, ಕತ್ತರಿ ಹಾಕಬೇಡಿ. ಬರೆದವರ ನಂಟರು ಬದುಕಿದ್ದರೆ ಪಕ್ಕದಲ್ಲಿ ಕೂಡಿಸಿಕೊಂಡು ಓದಿಸಿ, ಅವರು ಹೇಳಿದ್ದನ್ನು ಬರೆದಿಡಿ. ನಮ್ಮ ಪತ್ರವನ್ನು ನಾನು ತೂತಿನ ಸಮೇತ ಹಾಗೇ ಇಟ್ಟಿದ್ದೇನೆ. ಆ ಬೋರಮಾಳ ಕಡೆಗೂ ಬಿಡಿಸಿಕೊಂಡರೇ ಎಂದು ಮೊನ್ನೆ ಅವ್ವನನ್ನು ಕೇಳಿದೆ. ಮುಂದಿನ ಸುಗ್ಗಿಗೆ ಬಿಡಿಸಿದರಂತೆ. ಅದನ್ನೂ ಒಂದು ಹಾಳೆಯಲ್ಲಿ ಬರೆದು ಪತ್ರದ ಜತೆ ಸೇರಿಸಿದೆ.